ಹುಬ್ಬಿನ ತನಕ ಬಂದು ನಿಂತ ಗುತ್ತೆವ್ವ

ಶಿಗ್ಗಾಂವಿಯ ಫಕ್ಕೀರಪ್ಪನ ಪ್ರೆಸ್ಸಿಗೆ ಕಂಪ್ಯೂಟರ್ ಬಂದದ್ದು ಸಾವಿರದ ಒಂಬೈನೂರ ಎಂಬತ್ತೊಂಬತ್ತರ ಬೇಸಿಗೆಯಲ್ಲಿ. ಬಾಣಂತಿಯನ್ನು ತವರಿನಿಂದ ಕರೆತರುವ ಹಾಗೆ, ಸುತ್ತಲೂ ಗಾದಿ ಒತ್ತಿ, ಹುಬ್ಬಳ್ಳಿಯಿಂದ ಟೆಂಪೋದಲ್ಲಿ ನಿಧಾನಕ್ಕೆ ತಂದರು. ಪ್ರೆಸ್ಸಿನ ಮಾಲಕ ಫಕ್ಕೀರಪ್ಪ ಎಲ್ಲರ ಚಪ್ಪಲಿಯನ್ನೂ ಹೊರಗೆ ಬಿಡಿಸಿದ. ಮಷೀನನ್ನು ಮೇಜಿನ ಮೇಲಿಟ್ಟದ್ದೇ ತಡ, ಗಾಜಿನ ಪರದೆಯ ಮೇಲೆ ಮೂರು ಬೆರಳಿನ ವಿಭೂತಿ ಎಳೆದ. ಅದನ್ನು ಜೋಡಿಸಿ ಕೊಡಲು ಸವಣೂರಿನಿಂದ ಬಂದಿದ್ದ ಹಯಾತ ತಲೆ ಕೆರೆದುಕೊಂಡ. ಹಯಾತ ಮೊದಲು ರೇಡಿಯೋ ರಿಪೇರಿ, ಆಮೇಲೆ ಟೀವಿ ರಿಪೇರಿ ಮಾಡುತ್ತಿದ್ದು, ಈಗ ಹುಬ್ಬಳ್ಳಿಯ ಅಂಗಡಿಯೊಂದರಲ್ಲಿ ಕಂಪ್ಯೂಟರ್ ಕಲಿತವನು.

"ಸಾವಕಾರ್ರ, ಅದರ ಮ್ಯಾಲೆ ಬ್ಯಾಡ್ರಿ. ಅಲ್ಲಿ ಅಕ್ಷರ ಬರ್ತಾವು."

"ಅಕ್ಷರ ಬರೂ ಜಾಗಾಕ್ಕ ವಿಭೂತಿ ಬ್ಯಾಡಂದ್ರ ಮತ್ತೆಲ್ಲಿ ಹಚ್ಚಲಿ? ನಿನ್ನ ಹಣಿಗೆ ಹಚ್ಚಲ್ಯಾ?"

"ಹಚ್ಚರಿ ಬೇಕಾದ್ರ, ಬ್ಯಾಡಂದವ್ರು ಯಾರು? ಗಾಜು ಮಾತ್ರ ಒರಸ್ರಿ."

ಸೀಸದ ಅಕ್ಷರದ ಮೊಳೆಗಳನ್ನಿಡುವ ಕೇಸಿನ ಹಿಂದೆ ನಿಂತಿದ್ದ ಶೇಖವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಬೆರಳ ತುದಿಗಳು ಸೀಸ ತಾಗಿ ತಾಗಿ ಕಪ್ಪಾಗಿದ್ದ ಆ ಹೆಂಗಸು ಈ ಪ್ರೆಸ್ಸಿನಲ್ಲಿ ಮೊಳೆ ಜೋಡಿಸುವ ಕಂಪೋಜಿಟರ್.

ಅವಳು ಇಲ್ಲಿಗೆ ಬಂದ ಬಗೆಯೇ ಒಂದು ಕತೆ. ಅವಳ ತಾಯಿ ಗುತ್ತೆವ್ವ ಹಿರೇಬೆಂಡಿಗೇರಿಯ ಸೂಲಗಿತ್ತಿ. ಕೇರಿಯವಳು. ಎಪ್ಪತ್ನಾಲ್ಕರಲ್ಲಿ ಫಕ್ಕೀರಪ್ಪನ ಹೆಂಡತಿಗೆ ಹೆರಿಗೆ ಕಷ್ಟವಾದಾಗ ಅವಳನ್ನು ಚಕ್ಕಡಿ ಕಟ್ಟಿ ಕರೆಸಿದ್ದರು. ತಾಯಿ, ಕೂಸು ಎರಡೂ ಉಳಿದವು. ಫಕ್ಕೀರಪ್ಪ ಸೀರೆ, ಕುಪ್ಪಸದ ಕಣ, ಜೋಳ ಎಲ್ಲ ತಂದು ಕಟ್ಟೆಯ ಮೇಲಿಟ್ಟ. ಗುತ್ತೆವ್ವ ಅವನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ಸೀರಿ ಹರೀತೈತ್ರಿ ಯಪ್ಪಾ. ನನ್ನ ಮಗಳು ಏಳನೆತ್ತೆ ಪಾಸಾಗ್ಯಾಳು. ಅಕೀನ ನಿಮ್ಮ ಅಕ್ಷರದ ಕೆಲಸಕ್ಕ ಇಟಗೋರಿ."

ಫಕ್ಕೀರಪ್ಪ ಕೆಟ್ಟವನಲ್ಲ, ಧೈರ್ಯಸ್ಥನೂ ಅಲ್ಲ. ಕೆಲಸಕ್ಕೆ ಇಟ್ಟುಕೊಂಡ. ಮೊದಲು ಕಸ ಹೊಡೆಯಲು, ಆಮೇಲೆ ಅಚ್ಚಾದ ಮೇಲೆ ಮೊಳೆಗಳನ್ನು ಬಿಡಿಸಿ ಅವುಗಳ ಖಾನೆಗೆ ಹಾಕಲು, ಕಡೆಗೆ ಜೋಡಿಸಲು. ಜೊತೆಗೇ ಅವಳಿಗೊಂದು ಬೇರೆ ಚರಿಗೆಯನ್ನೂ ಇಟ್ಟ. ಅವಳು ಜೋಡಿಸಿದ ಮೊಳೆಯಿಂದ ಅಚ್ಚಾದ ಲಗ್ನಪತ್ರಿಕೆಗೆ ಜನ ಅರಿಶಿನ ಹಚ್ಚಿ ದೇವರ ಮುಂದೆ ಇಡುತ್ತಿದ್ದರು. ಅವಳು ಮುಟ್ಟಿದ ಚರಿಗೆಯ ನೀರನ್ನು ಮಾತ್ರ ಯಾರೂ ಕುಡಿಯುತ್ತಿರಲಿಲ್ಲ. ಸೀಸಕ್ಕೆ ಹತ್ತದ ಮೈಲಿಗೆ ನೀರಿಗೆ ಹೇಗೆ ಹತ್ತುತ್ತದೆ ಎಂದು ಆ ಊರಿನ ಒಬ್ಬ ಶಾಸ್ತ್ರ ಬಲ್ಲವನೂ ಹದಿನೈದು ವರ್ಷದಲ್ಲಿ ಕೇಳಿಕೊಳ್ಳಲಿಲ್ಲ.

ಕಂಪ್ಯೂಟರ್ ಬಂದಾಗ ಹಿರಿಯ ಕಂಪೋಜಿಟರ್ ಅಜ್ಜಪ್ಪ, "ಕೈಗೆ ಹತ್ತಲಾರದ್ದು ಅಕ್ಷರನ ಅಲ್ಲ" ಎಂದು ಬೆನ್ನು ತಿರುಗಿಸಿ ಕುಳಿತ. ಹೀಗಾಗಿ ಅದರ ಮುಂದೆ ಕೂರುವ ಕುರ್ಚಿ ಶೇಖವ್ವನ ಪಾಲಿಗೆ ಬಂತು.

ಹಯಾತ ಅವಳ ಕೈಯಿಂದ ಒಂದು ಕೀಲಿ ಒತ್ತಿಸಿದ. ಕಪ್ಪು ಪರದೆಯ ಮೇಲೆ ಅರಿಶಿನ ಭಂಡಾರದ ಬಣ್ಣದ ಬೆಳಕಿನಲ್ಲಿ ಒಂದು 'ಗ' ಎದ್ದು ನಿಂತಿತು. ಇನ್ನೊಂದು ಒತ್ತಿದಳು. 'ಗು' ಆಯಿತು. ಕೊಂಬು ತಾನೇ ಹೋಗಿ ತನ್ನ ಜಾಗಕ್ಕೆ ಅಂಟಿಕೊಂಡಿತು. ಆಮೇಲೆ 'ತ್ತೆ'. ಒತ್ತಕ್ಷರ ಹೇಳದೆ ಕೇಳದೆ ಕೆಳಗಿಳಿದು ಕುಳಿತುಕೊಂಡಿತು. ಶೇಖವ್ವ ಕುರ್ಚಿಯಿಂದ ಎದ್ದೇಬಿಟ್ಟಳು. ಮೊಳೆಯಲ್ಲಿ ಅಕ್ಷರ ತಿರುವುಮುರುವಾಗಿ ಇರುತ್ತದೆ. ಹದಿನೈದು ವರ್ಷ ಅವಳು ಅಕ್ಷರಗಳ ಬೆನ್ನನ್ನೇ ನೋಡುತ್ತ ಬಂದಿದ್ದಳು. ಇವತ್ತು ಅವು ತಿರುಗಿ ನಿಂತು ಮುಖ ತೋರಿಸಿದವು.

"ಯವ್ವಾ, ಇದು ನನ್ನ ಕಡೆ ನೋಡಾಕತ್ತೈತಿ" ಎಂದಳು.

"ಅಕ್ಕಾ, ಹೆದರಬ್ಯಾಡ್ರಿ, ಕಡಿಯೂದಿಲ್ಲದು" ಎಂದ ಹಯಾತ.

ಹೆದರಿಕೆಯಾಗಿರಲಿಲ್ಲ ಅವಳಿಗೆ. ಗುಡಿಯ ಗರ್ಭದ ಬಾಗಿಲನ್ನು ಅವಳು ದಾಟಿದವಳಲ್ಲ. ದಾಟಿದವರಿಗೆ ಹೀಗೇ ಅನ್ನಿಸುತ್ತಿರಬೇಕು ಎಂದು ಮಾತ್ರ ಅನ್ನಿಸಿತ್ತು.

ಆ ಮಳೆಗಾಲದಲ್ಲಿ ಪ್ರೆಸ್ಸಿಗೆ ಒಂದು ದೊಡ್ಡ ಕೆಲಸ ಬಂತು. ಊರಿಗೆ ಹೊಸ ಹೆರಿಗೆ ಆಸ್ಪತ್ರೆಯ ಕಟ್ಟಡ ಎದ್ದಿತ್ತು. ಉದ್ಘಾಟನೆಗೆ ಒಂದು ಸ್ಮರಣ ಸಂಚಿಕೆ ಆಗಬೇಕು. ಸಂಚಿಕೆಯ ಕಮಿಟಿಗೆ ಅಧ್ಯಕ್ಷ ಹಿರೇಬೆಂಡಿಗೇರಿಯ ಬಸವಣ್ಣೆಪ್ಪ ಗೌಡ. ಜಾಗ ಕೊಟ್ಟವರು, ಸಿಮೆಂಟು ಕೊಟ್ಟವರು, ಭಾಷಣ ಕೊಟ್ಟವರು, ಎಲ್ಲರ ಫೋಟೋಗಳೂ ಬಂದವು. ಅವರ ನಡುವೆ ಆಸ್ಪತ್ರೆಯ ಡಾಕ್ಟರಮ್ಮ ಒಂದು ಪುಟ ಬರೆದುಕೊಟ್ಟಿದ್ದರು. ಆಸ್ಪತ್ರೆ ಇಲ್ಲದ ಕಾಲದಲ್ಲಿ ಸುತ್ತಲಿನ ಹಳ್ಳಿಗಳ ಹೆರಿಗೆಯನ್ನೆಲ್ಲ ಮಾಡಿದ ಗುತ್ತೆವ್ವನ ಬಗ್ಗೆ. ಕೊನೆಯಲ್ಲಿ, "ಇವರ ಚಿತ್ರ ಹಾಕಬೇಕು" ಎಂದು ಅಡಿಗೆರೆ ಹಾಕಿದ್ದರು.

ಆ ಪುಟ ಅಕ್ಷರ ಜೋಡಿಸಲು ಶೇಖವ್ವನ ಕೈಗೇ ಬಂತು. ತನ್ನ ತಾಯಿಯ ಹೆಸರನ್ನು ಒತ್ತಿ, ತೆರೆಯ ಮೇಲೆ ನೋಡುತ್ತ ಕುಳಿತಳು. ಅವರ ಮನೆಯಲ್ಲಿ ಅವಳ ಚಿತ್ರವೆಂಬುದೇ ಇರಲಿಲ್ಲ. ಗುತ್ತೆವ್ವ ತನ್ನ ಆಯುಷ್ಯದಲ್ಲಿ ಫೋಟೋ ಅಂಗಡಿಯ ಮೆಟ್ಟಿಲು ಹತ್ತಿದವಳಲ್ಲ. ಈಗ ತೆಗೆಸೋಣವೆಂದರೆ, "ಈಗ್ಯಾಕ ಈ ಸುಕ್ಕಿನ ಮಾರಿ? ಕೆಲಸ ಮಾಡೂ ಮುಂದಿಂದು ಇದ್ರ ಹಾಕ್ರಿ, ಇಲ್ಲಾಂದ್ರ ಬಿಡ್ರಿ" ಎಂದು ಹಟ ಹಿಡಿದಳು.

ಕೆಲಸ ಮಾಡುವಾಗಿನದು ಒಂದಿತ್ತು. ಅದಿದ್ದದ್ದು ಹಿರೇಬೆಂಡಿಗೇರಿಯ ಗೌಡರ ವಾಡೆಯಲ್ಲಿ, ಗೌಡಸಾನಿ ನಾಗವ್ವನ ಕೋಣೆಯ ಗೋಡೆಗೆ.

ಸ್ವಾತಂತ್ರ್ಯ ಬಂದ ವರ್ಷ ನಾಗವ್ವ ಚೊಚ್ಚಲ ಹೆತ್ತಿದ್ದಳು. ತೊಟ್ಟಿಲ ಕಾರ್ಯದ ದಿನ ಮನೆಮಂದಿಯದೆಲ್ಲ ಫೋಟೋ ತೆಗೆಯಲು ಸವಣೂರಿನಿಂದ ಕ್ಯಾಮೆರಾದವನು ಬಂದ. ಎಲ್ಲರೂ ಸಾಲಾಗಿ ಕುಳಿತರು. ಕೂಸು ಅಳುವುದನ್ನು ನಿಲ್ಲಿಸಲೊಲ್ಲದು. ತಾಯಿ, ಅಜ್ಜಿ, ಸೋದರತ್ತೆ, ಯಾರ ಕೈಗೆ ಕೊಟ್ಟರೂ ಅದೇ ರಂಪ. ಅಂಗಳದ ತುದಿಯಲ್ಲಿ ತನ್ನ ಪಾಲಿನ ಕಾಳಿಗೆ ಕಾದು ನಿಂತಿದ್ದ ಗುತ್ತೆವ್ವ ದೂರದಿಂದಲೇ ಒಮ್ಮೆ ನಾಲಿಗೆ ಲೊಚಗುಟ್ಟಿದಳು. ಕೂಸು ಗಪ್ಪಾಯಿತು. ಕ್ಯಾಮೆರಾದವನು, "ಅಕೀ ಕೈಯಾಗ ಕೊಡ್ರಿ ಅತ್ಲಾಗ, ಬಿಸಲು ಇಳ್ಯಾಕತ್ತೈತಿ" ಎಂದು ರೇಗಿದ. ಹಿರಿಯರು ಮುಖ ಮುಖ ನೋಡಿಕೊಂಡರು. ಫೋಟೋ ಆದ ಮೇಲೆ ಕೂಸಿಗೆ ನೀರು ಹಾಕಿದರಾಯ್ತು ಎಂದು ತೀರ್ಮಾನಿಸಿದರು. ಗುತ್ತೆವ್ವ ನಾಗವ್ವನ ಕುರ್ಚಿಯ ಪಕ್ಕ, ಸಾಲಿನ ತುಟ್ಟತುದಿಗೆ, ಕೂಸನ್ನೆತ್ತಿಕೊಂಡು ನಿಂತಳು.

ಆಮೇಲೆ ಕೂಸಿನ ಮೈ ತೊಳೆದರು. ಗುತ್ತೆವ್ವನ ಕೈ ತಾಗಿದ್ದು ಹೋಯಿತು. ಫೋಟೋವನ್ನೂ ಸವಣೂರಿನಲ್ಲಿ ತೊಳೆದರು. ಅಲ್ಲಿ ಮಾತ್ರ ತೊಳೆದಷ್ಟೂ ಅವಳು ಸ್ಪಷ್ಟವಾಗಿ ಮೂಡುತ್ತ ಹೋದಳು.

ಶೇಖವ್ವ ಬಸ್ಸು ಹತ್ತಿ ಹೋಗಿ ಕೇಳಿದಾಗ ನಾಗವ್ವ ತಾನೇ ಕೈಯಾರೆ ಗೋಡೆಯಿಂದ ಅದನ್ನಿಳಿಸಿದಳು. ಕೊಡುವ ಮುಂಚೆ ಎದೆಗವಚಿ ಹಿಡಿದು ಒಂದು ಮಾತು ಕೇಳಿದಳು.

"ಫೋಟೋಕ್ಕ ಕತ್ರಿ ಹಚ್ಚಬಾರದು ನೋಡು. ನಮ್ಮ ಯಜಮಾನ್ರನ್ನ ಹಿಂಗ ಲಗ್ನದ ಫೋಟೋದಾಗಿಂದ ಕತ್ತರಿಸಿ ಸೊಸಾಯಿಟಿ ಕಾರ್ಡಿಗೆ ಹಚ್ಚಿದ್ರು. ವರ್ಷ ತುಂಬೂದ್ರಾಗ ಮಣ್ಣಾದ್ರು. ಇದರಾಗ ಇದ್ದವರನ್ನ ಯಾರನ್ನೂ ಯಾರಿಂದನೂ ಬ್ಯಾರೆ ಮಾಡಬ್ಯಾಡ. ಕತ್ರಿಲಿಂದ ಇರಲಿ, ಮತ್ತ್ಯಾತರಿಂದನ ಇರಲಿ."

"ಮಾಡೂದಿಲ್ರಿ ಅವ್ವಾರ" ಎಂದು ಶೇಖವ್ವ ನೆಲ ಮುಟ್ಟಿ ಮಾತು ಕೊಟ್ಟಳು.

ಫೋಟೋವನ್ನು ಹುಬ್ಬಳ್ಳಿಗೆ ಕಳಿಸಿ, ಯಂತ್ರದಿಂದ ನಕಲು ತೆಗೆಸಿ, ಫ್ಲಾಪಿಯಲ್ಲಿ ತರಿಸಿದರು. ತಾಯಿಯ ಮುಖ ಸಣ್ಣದು, ದೊಡ್ಡದು ಮಾಡಿದರೆ ಒಡೆಯಬಾರದು ಎಂದು, "ಎಷ್ಟ್ ಸಣ್ಣ ಚುಕ್ಕಿ ಆಕ್ಕಾವೋ ಅಷ್ಟ್ ಸಣ್ಣಗ ತೆಗೀರಿ" ಎಂದು ಶೇಖವ್ವ ಬರೆದು ಕಳಿಸಿದ್ದಳು. ಹಾಗೆಯೇ ತೆಗೆದುಕೊಟ್ಟಿದ್ದರು.

ಅವಳು ಮಾಡಿದ ಉಪಾಯ ಇಷ್ಟು. ಪೂರ್ತಿ ಫೋಟೋವನ್ನೇ ಪುಟದಲ್ಲಿ ಇಟ್ಟಳು. ಅದರ ಚೌಕಟ್ಟನ್ನು ನಾಲ್ಕೂ ಕಡೆಯಿಂದ ಒತ್ತುತ್ತ ಬಂದು, ತಾಯಿ, ಅವಳ ಕೈಯ ಕೂಸು ಇಷ್ಟೇ ಕಾಣುವಷ್ಟು ಕಿಂಡಿ ಉಳಿಸಿದಳು. ಗೌಡರ ಉಳಿದ ಮನೆಮಂದಿಯೆಲ್ಲ ಇದ್ದಲ್ಲೇ ಇದ್ದರು, ಕಿಂಡಿಯ ಆಚೆ, ಕಾಣದ ಹಾಗೆ. ಕಿಟಕಿಯ ಪರದೆ ಎಳೆದರೆ ಮನೆಯೊಳಗಿನವರು ಸಾಯುತ್ತಾರೆಯೇ? ಯಾರನ್ನೂ ಯಾರಿಂದಲೂ ಬೇರೆ ಮಾಡಿದಂತಾಗಲಿಲ್ಲ. ಮಾತು ಉಳಿಯಿತು ಎಂದು ಅವಳಿಗೆ ಸಮಾಧಾನ. ಆಮೇಲೆ ಆ ಕಿಂಡಿಯನ್ನು ಅರ್ಧ ಪುಟಕ್ಕೆ ಹಿಗ್ಗಿಸಿದಳು.

ಚಿತ್ರ ಮೇಲಿನಿಂದ ಕೆಳಕ್ಕೆ ಗೆರೆಗೆರೆಯಾಗಿ ಇಳಿಯತೊಡಗಿತು. ಮೊದಲು ಸೆರಗಿನ ಅಂಚು. ಬೈತಲೆ. ಎಣ್ಣೆ ಹಚ್ಚಿ ಒತ್ತಿ ಬಾಚಿದ ಕೂದಲು. ಅಗಲವಾದ ಹಣೆ. ನಡುವೆ ಹಚ್ಚೆಯ ಚುಕ್ಕೆ. ತಾನು ಹುಟ್ಟುವುದಕ್ಕಿಂತ ಮುಂಚಿನ ತಾಯಿ ತನ್ನೆದುರಿಗೆ ಬೆಳಕಿನಲ್ಲಿ ಹುಟ್ಟಿ ಬರುವುದನ್ನು ಶೇಖವ್ವ ಉಸಿರು ಬಿಗಿಹಿಡಿದು ನೋಡಿದಳು. ಮಗಳು ತಾಯಿಯ ಹುಟ್ಟನ್ನು ನೋಡುವುದೆಂದರೆ ಏನು!

ಹುಬ್ಬಿನ ತನಕ ಬಂದು ಚಿತ್ರ ನಿಂತಿತು.

ಕಾದಳು. ಬಾಣದ ಗುರುತು ಅಲುಗಲಿಲ್ಲ. ಕೀಲಿ ಒತ್ತಿದಳು, ಕಿವುಡು. ಇನ್ನೊಂದು ಒತ್ತಿದಳು, ಅದೂ ಕಿವುಡು. ಕಡೆಗೆ ಕರೆಂಟು ತೆಗೆದು ಹಾಕಬೇಕಾಯಿತು. ಮತ್ತೆ ಚಾಲೂ ಆದಾಗ ತಾಯಿಯೂ ಇಲ್ಲ, ಮುಂಜಾನೆಯಿಂದ ಜೋಡಿಸಿದ ಅಕ್ಷರಗಳೂ ಇಲ್ಲ.

ಮರುದಿನ ಮತ್ತೆ ಹುಬ್ಬಿಗೇ ನಿಂತಿತು. ಫಕ್ಕೀರಪ್ಪ ಪಕ್ಕದ ಹಿಟ್ಟಿನ ಗಿರಣಿಯ ಮೇಲೆ ಸಂಶಯಪಟ್ಟ. ಗಿರಣಿ ತಿರುಗಿದರೆ ಬಲ್ಬು ಮಂಕಾಗುತ್ತಿದ್ದದ್ದು ನಿಜ. ಗಿರಣಿಯವನಿಗೆ ಕೈಮುಗಿದು ಒಂದು ತಾಸು ನಿಲ್ಲಿಸಿದರು. ಜೋಳದ ಬುಟ್ಟಿ ಹೊತ್ತ ಹೆಂಗಸರು ಹೊರಗೆ ನಿಂತು, "ಆ ಡಬ್ಬಿಗೆ ಏನ್ ರೊಟ್ಟಿ ಬಡದು ಹಾಕ್ತೀರೇನ?" ಎಂದು ಬೈದರು. ಹುಬ್ಬು ದಾಟಲಿಲ್ಲ. ಫ್ಲಾಪಿ ಬದಲಿಸಿದರು. ಬಿಸಿಯಾಗಿರಬೇಕೆಂದು ಟೇಬಲ್ ಫ್ಯಾನು ತಂದು ಅದರ ಬೆನ್ನಿಗೆ ಇಟ್ಟರು. ಮೊದಲು ಚಿತ್ರ ಇಟ್ಟು ಆಮೇಲೆ ಅಕ್ಷರ ಹಾಕಿ ನೋಡಿದಳು. ಮೊದಲು ಅಕ್ಷರ ಹಾಕಿ ಆಮೇಲೆ ಚಿತ್ರ ಇಟ್ಟು ನೋಡಿದಳು. ಹೇಗೆ ಮಾಡಿದರೂ ಗುತ್ತೆವ್ವ ಹಣೆ ತೋರಿಸಿ ಕಣ್ಣು ತೋರಿಸಲೊಲ್ಲಳು. ಸಿಮೆಂಟು ಕೊಟ್ಟವನ ಫೋಟೋ ಮಾತ್ರ ಚಿಟಿಕೆ ಹೊಡೆಯುವಷ್ಟರಲ್ಲಿ ಮೀಸೆ ಸಮೇತ ಬಂದು ಕೂರುತ್ತಿತ್ತು.

ಸಂಚಿಕೆಯ ಫ್ಲಾಪಿಗಳು ಸೋಮವಾರ ಮಧ್ಯಾಹ್ನದ ಬಸ್ಸಿಗೆ ಹುಬ್ಬಳ್ಳಿಯ ಆಫ್‌ಸೆಟ್ ಪ್ರೆಸ್ಸಿಗೆ ಹೋಗಲೇಬೇಕಿತ್ತು. ಶುಕ್ರವಾರ ಬಸವಣ್ಣೆಪ್ಪ ಗೌಡ ಪುಟ ನೋಡಲು ಬಂದ. ಫಕ್ಕೀರಪ್ಪ ತಡವರಿಸುತ್ತ ಸಂಗತಿ ಹೇಳಿದ. ಗೌಡ ಗಟ್ಟಿಯಾಗಿ ನಕ್ಕ.

"ಫಕ್ಕೀರಪ್ಪಾ, ಮಷೀನು ಭಾಳ ಶಾಣ್ಯಾ ಐತಪಾ. ಯಾರನ್ನ ಎಲ್ಲಿಡಬೇಕು ಅನ್ನೂದು ಅದಕ್ಕೂ ಗೊತ್ತೈತಿ."

ಅಲ್ಲಿದ್ದವರೂ ನಕ್ಕರು. ಶೇಖವ್ವ ಕೀಲಿಗಳ ಮೇಲಿನ ಕಣ್ಣು ಎತ್ತದೆ ಹೇಳಿದಳು.

"ಮಷೀನಿಗೆ ಏನೂ ಗೊತ್ತಿಲ್ರಿ ಗೌಡ್ರ. ಅದಿನ್ನೂ ಮನುಷ್ಯಾರ ಜೋಡಿ ಅಷ್ಟು ಕೂಡಿಲ್ಲ."

ನಗೆ ನಿಂತಿತು. ಗೌಡ ಮುಖ ಬಿಗಿದು, "ಸೋಮವಾರ ಮುಂಜಾನಿ ಬರ್ತೇನಿ. ಚಿತ್ರ ಬಂದಿದ್ರ ಇರಲಿ. ಇಲ್ಲಾಂದ್ರ ಆ ಪುಟಾನ ತೆಗಿ, ಗೊಬ್ಬರದ ಅಂಗಡಿ ಜಾಹಿರಾತು ಐತಿ, ಅದನ್ನ ಹಾಕು" ಎಂದು ಹೊರಟ.

ಅವನು ಹೋದ ಮೇಲೆ ಶೇಖವ್ವ ತಾಯಿಯ ಪುಟವನ್ನು ಮತ್ತೆ ತೆರೆದಳು. ಒಂದು ಯಂತ್ರ ಎಲ್ಲೋ ತೊಡರಿಕೊಂಡರೆ ಅದಕ್ಕೂ ಜಾತಿಯ ಕಾರಣ ಹುಡುಕಿ ನಗಬಲ್ಲ ಜನ! ಆ ಗೊಬ್ಬರದ ಅಂಗಡಿಯ ಚೀಲ ನಾಳೆ ಹರಿದು ರಸ್ತೆಗೆ ಬೀಳುತ್ತದೆ. ಗುತ್ತೆವ್ವ ಮಾತ್ರ ಈ ಪುಟದಿಂದ ಹೋದರೆ ಇನ್ನೆಲ್ಲೂ ಬರುವವಳಲ್ಲ. ಅವಳು ಹಿಡಿದೆತ್ತಿದ ಮಕ್ಕಳಿಗೆ ಅವಳ ಮುಖ ನೆನಪಿರುವುದು ಸಾಧ್ಯವಿಲ್ಲ, ಹುಟ್ಟಿದ ಗಳಿಗೆ ಯಾರಿಗೆ ನೆನಪಿರುತ್ತದೆ? ಹೆತ್ತವರು ಒಬ್ಬೊಬ್ಬರೇ ತೀರಿಕೊಳ್ಳುತ್ತಿದ್ದರು.

ಶನಿವಾರ ಗುತ್ತೆವ್ವ ತಾನೇ ಬಂದಳು. ತನ್ನ ಮುಖ ಎಲ್ಲಿ ಸಿಕ್ಕಿಬಿದ್ದಿದೆ ನೋಡಬೇಕಂತೆ. ರೂಢಿಯಂತೆ ಹೊಸ್ತಿಲಾಚೆಯೇ ಕುಕ್ಕರುಗಾಲಲ್ಲಿ ಕುಳಿತಳು. "ಒಳಗ ಬರ್ರಿ ಆಯಿ" ಎಂದ ಫಕ್ಕೀರಪ್ಪ, ತನಗೇ ಆಶ್ಚರ್ಯವಾಗುವಷ್ಟು ಗಟ್ಟಿಯಾಗಿ. ಮಗಳು ಕೈಹಿಡಿದು ತಂದು ಪರದೆಯ ಮುಂದೆ ಕೂರಿಸಿ ಚಿತ್ರ ಕರೆದಳು. ಬೈತಲೆ ಬಂತು. ಹಣೆ ಬಂತು. ಮುದುಕಿ ಬೊಗಸೆಯನ್ನು ತನಗೆ ಗೊತ್ತಿಲ್ಲದಂತೆಯೇ ಮುಂದೆ ಚಾಚಿದಳು, ಬೀಳುವುದನ್ನು ಹಿಡಿಯುವವಳಂತೆ.

"ತಲಿ ಮೊದಲ ಬಂತು. ಚೊಲೊ ಆತು."

ಹುಬ್ಬಿಗೆ ಬಂದು ನಿಂತಿತು.

"ನಿಂತಿತಲ್ಲವ್ವಾ. ಹಿಂದ ಏನೋ ತೊಡಕೊಂಡೈತಿ ಇದಕ್ಕ."

"ಹಿಂದ ಏನಿರತೈತಿ ಬೇ, ವಾಯರ್ ಅದಾವು."

"ನನಗ ಏನ್ ಗೊತ್ತು ಮಾರಾಯ್ತಿ. ಒಟ್ಟು ಎಳೀಬ್ಯಾಡ. ಎಳದ್ರ ಕೆಡತೈತಿ."

ಅದೇ ಮಧ್ಯಾಹ್ನ ಹಯಾತ ಸವಣೂರಿನಿಂದ ಬಂದ. ಫಕ್ಕೀರಪ್ಪ ಎರಡು ಸಲ ಫೋನು ಹಚ್ಚಿ ಬೈದಿದ್ದ. ಅವನೂ ತನ್ನದೇ ಸಂಶಯಗಳನ್ನು ಒಂದೊಂದಾಗಿ ಕಳೆದ. ಒಳಗಿನ ಹಲಗೆ ಬಿಚ್ಚಿ ದೂಳು ಊದಿದ, ಕೀಲುಗಳನ್ನು ಒತ್ತಿ ಕೂರಿಸಿದ. ಅವನ ಕೈಯಲ್ಲೂ ಹುಬ್ಬಿಗೇ ನಿಂತಿತು. ಆಮೇಲೆ ಚಿತ್ರದ ಚೌಕಟ್ಟಿನ ಮೂಲೆಯನ್ನು ಹಿಡಿದು ಹೊರಕ್ಕೆಳೆದ. ಗುತ್ತೆವ್ವನ ಪಕ್ಕದಲ್ಲಿ ಯಾರದೋ ಮೊಳಕೈ ಹೊರಬಂತು. ಆಮೇಲೆ ಒಂದು ರುಮಾಲು, ಒಂದು ಕೋಲು, ಕುರ್ಚಿಯ ಕಾಲು.

"ಅಕ್ಕಾ, ಇವರೆಲ್ಲ ಯಾರು?"

"ಗೌಡರ ಮನಿಯವರು. ಮುಚ್ಚೇನಿ."

"ನೀವು ಮುಚ್ಚೀರಿ. ಅದು ಮರ್ತಿಲ್ಲ."

ಶೇಖವ್ವನಿಗೆ ತಿಳಿಯಲಿಲ್ಲ. ಹಯಾತ ಗಡ್ಡ ತುರಿಸುತ್ತ ನಿಧಾನವಾಗಿ ಹೇಳಿದ.

"ಪರದೆ ಮ್ಯಾಲೆ ಕಾಣೂದು ಅವ್ವ ಒಬ್ಬಾಕಿ. ಒಳಗ ಅದು ಹೊತ್ತಕೊಂಡಿದ್ದು ಪೂರಾ ವಾಡೇನ. ನೀವು ಅವ್ವನ್ನ ದೊಡ್ಡಾಕಿ ಮಾಡಿದಷ್ಟೂ ಗೌಡರೂ ದೊಡ್ಡವರಾಕ್ಕೋತ ಹೊಂಟಾರ, ಗ್ವಾಡಿ ಆಚಿಗೆ. ಅಷ್ಟೂ ಮಂದೀನ ಹೊರಾಕ ಇದಕ್ಕ ತಾಕತ್ತ ಎಲ್ಲೈತಿ? ಹುಬ್ಬಿನ ತನಾ ಹೊರತೈತಿ, ಕುಸೀತೈತಿ. ನಾನೂ ಹಿಂಗ ಹುಬ್ಬಳ್ಳ್ಯಾಗ ಒಂದು ಕ್ಯಾಲೆಂಡರ್ ಕೆಡಿಸಿ ಬೈಸಿಕೊಂಡೇನ್ರಿ."

ಶೇಖವ್ವ ಪರದೆಯನ್ನೇ ನೋಡಿದಳು. ಒಂದು ಬಡವಿಯ ಮುಖ ತೋರಿಸಲು ಹೋದ ಯಂತ್ರ, ಅವಳ ಬೆನ್ನ ಹಿಂದೆ ಯಾರಿಗೂ ಕಾಣದಂತೆ ನಿಂತ ಇಡೀ ಮನೆತನದ ಭಾರ ಹೊತ್ತು ಕುಸಿಯುತ್ತಿತ್ತು! ಇಷ್ಟು ದಿನ ಅದನ್ನು ಮೊಂಡ ಎಂದು ಬೈದಿದ್ದಳಲ್ಲ. ಅದು ಮೊಂಡತನವಲ್ಲ, ಯಾರನ್ನೂ ಬಿಟ್ಟುಕೊಡದ ನಿಯತ್ತು. ಈ ಸೀಮೆಯಲ್ಲಿ ಅಷ್ಟು ನಿಯತ್ತು ಇಟ್ಟುಕೊಂಡವರು ಯಾರಿದ್ದಾರೆ?

"ಉಪಾಯ?" ಎಂದ ಫಕ್ಕೀರಪ್ಪ.

"ಚಿತ್ರ ತಿದ್ದೂ ಬ್ಯಾರೆ ಪ್ರೋಗ್ರಾಂ ಐತ್ರಿ. ಅದರಾಗ ಅವ್ವನಷ್ಟ ಕತ್ತರಿಸಿ ತೆಗದು, ಆಮ್ಯಾಲೆ ಪುಟಕ್ಕ ತರೂದು. ಹಗುರ ಆಕ್ಕೈತಿ. ಒಂದು ಗಳಿಗಿ ಕೆಲಸ."

"ಕತ್ತರಿಸು ಮತ್ತ!"

"ಬ್ಯಾಡ" ಎಂದಳು ಶೇಖವ್ವ. "ಮಾತು ಕೊಟ್ಟೇನಿ."

ಫಕ್ಕೀರಪ್ಪ ಹಣೆ ಬಡಿದುಕೊಂಡ. "ಏ ಹುಚ್ಚಿ, ಫೋಟೋ ಕತ್ತರಿಸೂದಿಲ್ಲ, ಮಷೀನದಾಗಿನ ನೆರಳು ಕತ್ತರಿಸೂದು! ಅಲ್ಲೇನು ಕತ್ರಿ ಐತಿ?"

"ಬರೇ ಕತ್ರಿ ಮಾತು ಆಡಿಲ್ರಿ ಸಾವಕಾರ್ರ ಅವರು. ಯಾತರಿಂದನೂ ಬ್ಯಾರೆ ಮಾಡಬ್ಯಾಡ ಅಂದಾರ. ನೆಲಾ ಮುಟ್ಟೇನಿ ನಾನು."

ಗುತ್ತೆವ್ವ ಮಗಳ ಕಡೆ ತಿರುಗಿದಳು. ತನ್ನ ಮುಖಕ್ಕಾಗಿ ಮಗಳು ಮಾತು ಮುರಿಯುವುದೂ ಆಕೆಗೆ ಬೇಡವಾಗಿತ್ತು, ಮುಖ ಹೋಗುವುದೂ ಬೇಡವಾಗಿತ್ತು. ಕೊನೆಗೆ, "ಕೊಟ್ಟಲ್ಲೇ ಹೋಗಿ ಕೇಳು" ಎಂದಳು.

ಭಾನುವಾರ ಶೇಖವ್ವ ಫೋಟೋವನ್ನು ಸೀರೆಯ ತುಂಡಿನಲ್ಲಿ ಸುತ್ತಿಕೊಂಡು ಹಿರೇಬೆಂಡಿಗೇರಿಗೆ ಹೋದಳು. ನಾಗವ್ವ ವಾಡೆಯ ಕಟ್ಟೆಯ ಮೇಲೆ ಕುಸುಬಿ ಹಸನು ಮಾಡುತ್ತ ಕುಳಿತಿದ್ದಳು. ಶೇಖವ್ವ ಮೆಟ್ಟಿಲ ಕೆಳಗೇ ನಿಂತು ಎಲ್ಲ ಹೇಳಿದಳು. ಮಷೀನು, ಹುಬ್ಬು, ಮುಚ್ಚಿದ್ದು, ಭಾರ. ನಾಗವ್ವನಿಗೆ ಅರ್ಧ ತಿಳಿಯಿತೋ ಇಲ್ಲವೋ. ಮೊರ ಕೆಳಗಿಟ್ಟಳು.

"ಮ್ಯಾಲೆ ಬಾ. ಅಲ್ಲಿಂದ ಏನ್ ತೋರಸ್ತಿ?"

ಶೇಖವ್ವ ಕಟ್ಟೆ ಹತ್ತಿದಳು. ಬಟ್ಟೆ ಬಿಚ್ಚಿ ಫೋಟೋವನ್ನು ಇಬ್ಬರ ನಡುವೆ ಇಟ್ಟಳು.

"ಕತ್ತರಿಸಿದ್ರ ನಿಮ್ಮವ್ವನ ಜೋಡಿ ಯಾರ್ಯಾರು ಹೊಕ್ಕಾರ?"

"ಕೂಸು ಹೊಕ್ಕೈತ್ರಿ. ಅಕೀ ಕೈಯಾಗನ ಐತಲ್ರಿ."

"ನಾನು?"

ಶೇಖವ್ವ ಫೋಟೋದ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದಳು. "ನೀವು ಇತ್ಲಾಗ ಉಳೀತೀರಿ ಅವ್ವಾರ."

ನಾಗವ್ವ ಫೋಟೋದ ಮೇಲೆ ಬೆರಳಿಟ್ಟಳು. ಹದಿನೇಳೋ ಹದಿನೆಂಟೋ ವರ್ಷದ ಹುಡುಗಿ, ಮೈತುಂಬ ಒಡವೆ, ಕಣ್ಣಲ್ಲಿ ಇನ್ನೂ ನೋವು.

"ಅಂವ ಅಡ್ಡ ಬಂದಿದ್ದ" ಎಂದಳು. "ಕೈ ಮೊದಲ ಹೊರಗ ಬಂದಿತ್ತಂತ. ಹುಬ್ಬಳ್ಳಿಗೆ ಒಯ್ಯೂದ್ರಾಗ ಸಾಯ್ತಾಳ ಅಂತ ಹೊರಗ ಗಂಡಸರು ಕುಣಿ ತೋಡೂ ಮಾತು ಆಡಾಕತ್ತಿದ್ದು ನನಗ ಕೇಳಸ್ತಿತ್ತು. ನಿಮ್ಮವ್ವ ಎಲ್ಲಾರನೂ ಹೊರಗ ಹಾಕಿ ಕದಾ ಮುಚ್ಚಿದ್ಲು. ಹೊಟ್ಟಿ ಮ್ಯಾಲೆ ಕೈ ಇಟ್ಟು ಕೂಸಿನ ಜೋಡಿ ಮಾತಾಡಿದ್ಲು ನೋಡು, ನನ್ನ ಜೋಡಿ ಅಲ್ಲ. 'ತಿರುಗಪಾ, ತಿರುಗು, ದಾರಿ ಈ ಕಡೆ ಐತಿ' ಅಂತ. ತಿರುಗಿದ. ಇವತ್ತಿಗೂ ನನಗ ಅದು ಹೆಂಗ ಅಂತ ತಿಳಿದಿಲ್ಲ."

ಕುಸುಬಿಯ ಮೇಲೆ ಗುಬ್ಬಿಗಳು ಇಳಿದಿದ್ದವು. ನಾಗವ್ವ ಓಡಿಸಲಿಲ್ಲ.

"ಅಂವ ಮೊದಲ ಅಕೀ ಕೈಯಾಗ ಬಂದ. ಆಮ್ಯಾಲೆ ನನ್ನ ಉಡ್ಯಾಗ. ಫೋಟೋ ಆದಮ್ಯಾಲೆ ನೀರು ಹಾಕಿದ್ರು, ನಾನೂ ಸುಮ್ಮನ ಕುಂತಿದ್ದೆ." ಮೂಗು ಒರೆಸಿಕೊಂಡಳು. "ಕತ್ತರಿಸಕೋ. ಆದ್ರ ಇದು ನೋಡು, ಇದು ನನ್ನ ಮೊಳಕೈ. ನಿಮ್ಮವ್ವನ ಸೀರಿಗೆ ಹತ್ತೇತಿ. ಇದನ್ನ ಬಿಡಬ್ಯಾಡ. ಇದೊಂದು ಅವರ ಜೋಡಿ ಹೋಗಲಿ. ಅಂದ್ರ ನಾನೂ ಪೂರಾ ಬ್ಯಾರೆ ಆದಂಗಾಗೂದಿಲ್ಲ."

ಸೋಮವಾರ ಮುಂಜಾನೆ ಹಯಾತ ತೋರಿಸಿಕೊಟ್ಟ, ಶೇಖವ್ವ ತಾನೇ ಗೆರೆ ಎಳೆದಳು. ತಾಯಿಯ ಸುತ್ತ, ಕೂಸಿನ ಸುತ್ತ, ಆಮೇಲೆ ಬಲಕ್ಕೆ ಒಂದಿಷ್ಟು ಸರಿಸಿ ಮೊಳಕೈಯನ್ನೂ ಒಳಗೆ ತೆಗೆದುಕೊಂಡಳು. ಗುತ್ತೆವ್ವ ಈ ಸಲ ಹೊಸ್ತಿಲಲ್ಲಿ ಕೂರದೆ ನೇರ ಒಳಗೆ ಬಂದಿದ್ದಳು. ಅಜ್ಜಪ್ಪನೂ ತನ್ನ ಮೊಳೆಗಳ ಕೇಸು ಬಿಟ್ಟು ಎದ್ದು ಬಂದು ಹಿಂದೆ ನಿಂತಿದ್ದ. ಹೇಳಿದ ವೇಳೆಗೆ ಸರಿಯಾಗಿ ಬಸವಣ್ಣೆಪ್ಪ ಗೌಡನೂ ಬಂದ, ಕೈಯಲ್ಲಿ ಗೊಬ್ಬರದ ಅಂಗಡಿಯ ಜಾಹಿರಾತು.

ಶೇಖವ್ವ ಚಿತ್ರವನ್ನು ಪುಟದ ಮೇಲಿಟ್ಟಳು.

ಬೈತಲೆ ಬಂತು. ಹಣೆ ಬಂತು. ಹುಬ್ಬು. ಹುಬ್ಬಿನ ಕೆಳಗೆ ಒಂದು ಗೆರೆ ಇಳಿಯಿತು, ಇನ್ನೊಂದು ಇಳಿಯಿತು, ಕಣ್ಣು ತೆರೆಯಿತು. ಕ್ಯಾಮೆರಾಕ್ಕೆ ಹೆದರದ, ಯಾರ ಅಪ್ಪಣೆಗೂ ಕಾಯದ, ನೆಟ್ಟಗೆ ನೋಡುವ ಕಣ್ಣು. ಆಮೇಲೆ ಮೂಗು, ಬಿಗಿದ ತುಟಿ, ಕೊರಳ ಕರಿಮಣಿ. ಆಮೇಲೆ ಆ ಕೈಗಳು. ಕೈಗಳ ನಡುವೆ ಮುಷ್ಟಿ ಬಿಗಿಹಿಡಿದು ನಿದ್ದೆ ಹೋದ ಕೂಸು. ಕೊನೆಗೆ ಅಂಚಿನಲ್ಲಿ ಬಳೆ ತೊಟ್ಟ ಒಂದು ಮೊಳಕೈ.

ಮಷೀನು 'ಟೀಂ' ಎಂದಿತು.

"ಅತ್ತಿತು" ಎಂದಳು ಗುತ್ತೆವ್ವ, ಉಸಿರು ಬಿಟ್ಟು. "ಇನ್ನ ಚಿಂತಿಲ್ಲ."

ಅಜ್ಜಪ್ಪ ಎರಡೂ ಕೈ ಎತ್ತಿ ಮುಗಿದುಬಿಟ್ಟ. ಮಷೀನಿಗೋ, ಪರದೆಯ ಮೇಲಿದ್ದವಳಿಗೋ, ಪಕ್ಕದಲ್ಲಿದ್ದವಳಿಗೋ ಅವನಿಗೇ ಗೊತ್ತಿರಲಿಲ್ಲ.

ಬಸವಣ್ಣೆಪ್ಪ ಗೌಡ ಪರದೆಗೆ ಮುಖ ಹಚ್ಚುವಷ್ಟು ಬಗ್ಗಿ ನೋಡುತ್ತಿದ್ದ. ತಾಯಿಯ ಕೋಣೆಯ ಗೋಡೆಯ ಮೇಲೆ ಅವನು ಹುಟ್ಟಿದಾಗಿನಿಂದ ಇದ್ದ ಫೋಟೋ. ಸಾಲಿನ ತುದಿಗೆ ಅವನ ಕಣ್ಣು ಯಾವತ್ತೂ ಹೋಗಿರಲಿಲ್ಲ.

"ಅವ್ವ ಕೊಟ್ಟಳ ಇದನ್ನ?"

"ಕೊಟ್ಟಾರ್ರಿ. ತಮ್ಮ ಮೊಳಕೈ ಸೈತ ಕೊಟ್ಟಾರ" ಎಂದಳು ಶೇಖವ್ವ.

ಗುತ್ತೆವ್ವ ಅವನನ್ನು ಕೆಳಗಿನಿಂದ ಮೇಲಕ್ಕೊಮ್ಮೆ ನೋಡಿದಳು. ಅವಳ ಕಣ್ಣಿಗೆ ಅವನೇನೂ ಅಷ್ಟು ಬೆಳೆದಿದ್ದಂತೆ ಕಾಣಲಿಲ್ಲ. "ಭಾಳ ತ್ರಾಸ ಕೊಟ್ಟಿದ್ದಿ ತಮ್ಮಾ ನೀ. ಇನ್ನೂ ಬಿಟ್ಟಿಲ್ಲ ನೋಡು ಆ ಚಾಳಿ."

ಗೌಡ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ. ಜಾಹಿರಾತನ್ನು ಮಡಚಿ ಕಿಸೆಗೆ ಹಾಕಿಕೊಂಡ. ಹೊರಡುವ ಮುಂಚೆ, ಚಿತ್ರದ ಕೆಳಗೆ ಕೂಸಿನ ಹೆಸರು ಬರೆಯುತ್ತೀರೋ ಹೇಗೆ ಎಂದು ಫಕ್ಕೀರಪ್ಪನನ್ನು ಮೆಲ್ಲಗೆ ಕೇಳಿದ. ಬದಲಾದ ಅನ್ನಬೇಡಿ. ಉದ್ಘಾಟನೆಯ ದಿನ ಅವನು ಅರ್ಧ ತಾಸು ಭಾಷಣ ಮಾಡಿದ, ಗುತ್ತೆವ್ವನ ಹೆಸರು ಒಮ್ಮೆಯೂ ಎತ್ತಲಿಲ್ಲ. ವೇದಿಕೆಯ ಮೇಲೆ ಅವಳಿಗೆ ಕುರ್ಚಿಯೂ ಇರಲಿಲ್ಲ. ನಮ್ಮ ಸಭ್ಯ ಸಮಾಜ ಅಷ್ಟು ಬೇಗ ಹೆರುವುದಿಲ್ಲ. ಆದರೆ ಸಂಚಿಕೆ ಎಲ್ಲರ ಕೈಯಲ್ಲೂ ಇತ್ತು. ಭಾಷಣ ನಡೆದಿರುವಾಗ ಹೆಂಗಸರ ಸಾಲಿನಲ್ಲಿ ಒಬ್ಬೊಬ್ಬರೇ ಅದೇ ಪುಟ ಬಿಚ್ಚಿ, ಮಕ್ಕಳಿಗೆ ತೋರಿಸಿ, "ಇಕೀನ ನೋಡು ನಿನ್ನ ಹಿಡದಾಕಿ" ಎನ್ನುತ್ತಿದ್ದರು.

ಶೇಖವ್ವನ ಚರಿಗೆ ಎಂದು ಒಳಗೆ ಬಂತು, ಯಾರು ತಂದಿಟ್ಟರು ಎಂಬುದಕ್ಕೆ ಸಾಕ್ಷಿ ಇಲ್ಲ. ಒಂದು ದಿನ ನೋಡಿದರೆ ಎಲ್ಲರ ಚರಿಗೆಗಳ ಜೊತೆಗಿತ್ತು.

ಆಮೇಲೆ ಆ ಪ್ರೆಸ್ಸಿನಲ್ಲಿ ಅವಳ ಕೈಯಿಂದ ಎಷ್ಟೋ ಫೋಟೋಗಳು ಪುಟ ಸೇರಿದವು. ಮದುಮಕ್ಕಳು, ಸತ್ತವರು, ಚುನಾವಣೆಗೆ ನಿಂತವರು. ಎಲ್ಲವನ್ನೂ ಕತ್ತರಿಸಿಯೇ ತರುತ್ತಿದ್ದಳು, ಮಷೀನು ಎಂದೂ ಕುಸಿಯಲಿಲ್ಲ. ಆದರೆ ಕತ್ತರಿಸುವಾಗ ಅಂಚಿನಲ್ಲಿ ಯಾವಾಗಲೂ ಒಂದು ಬೆರಳಿನಷ್ಟು ಹೆಚ್ಚು ಬಿಡುತ್ತಿದ್ದಳು. ಹೀಗಾಗಿ ಶಿಗ್ಗಾಂವಿಯ ಹಾಳೆಗಳಲ್ಲಿ ದೊಡ್ಡ ಮನುಷ್ಯರ ಪಕ್ಕ ಯಾರದೋ ಭುಜ, ಯಾರದೋ ಸೆರಗಿನ ಚುಂಗು, ಕೊಡೆ ಹಿಡಿದ ಯಾರದೋ ಮುಂಗೈ ಉಳಿದುಕೊಂಡಿರುತ್ತಿತ್ತು.

"ಇದ್ಯಾರದು ಕೈ? ತೆಗೀ ಇದನ್ನ, ಚಂದ ಕಾಣೂದಿಲ್ಲ" ಎಂದು ಗಿರಾಕಿಗಳು ತಕರಾರು ಮಾಡುತ್ತಿದ್ದರು.

"ಯಾರದಂತ ಮನಿಗೆ ಹೋಗಿ ಕೇಳಕೊಂಡು ಬರ್ರಿ" ಎನ್ನುತ್ತಿದ್ದಳು ಶೇಖವ್ವ. "ಹೆಸರು ಗೊತ್ತಾದ್ರ ತೆಗೀತೇನಿ."

ಕೇಳಿಕೊಂಡು ಬಂದವರು ಮತ್ತೆ ತೆಗೆಯಿರಿ ಎನ್ನುತ್ತಿರಲಿಲ್ಲ.